ಮೊದಲ ಒಂದು ಅಡಿಯ ಲೆಕ್ಕ

ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಹಾಗಾಗಿ ಕಾರು ‘ಮೂರೇ ಸೆಕೆಂಡಿಗೆ ನೂರು ಕಿ.ಮೀ. ವೇಗ’ ಮುಟ್ಟುತ್ತದೆ ಅಂದರೆ ನನಗೆ ಮೊದಲು ನೆನಪಾಗುವುದು ಕ್ಲಚ್ಚು. ನಿಂತ ಕಾರನ್ನು ಒಮ್ಮೆಲೇ ಚಿಮ್ಮಿಸುವ ಲಾಂಚ್ ಕಂಟ್ರೋಲ್‌ನಲ್ಲಿ ಎಡಗಾಲು ಬ್ರೇಕಿನ ಮೇಲೆ, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ. ಎಂಜಿನ್ ವೇಗವನ್ನು ಕಂಪ್ಯೂಟರ್ ಹಿಡಿದಿಡುತ್ತದೆ. ಬ್ರೇಕ್ ಬಿಟ್ಟೊಡನೆ ಕ್ಲಚ್ ಪ್ಲೇಟುಗಳು ಜಾರುತ್ತಲೇ ಕಚ್ಚಿಕೊಳ್ಳುತ್ತವೆ. 1,600 ಕಿಲೋ ಕಾರು ಗಂಟೆಗೆ 40 ಕಿ.ಮೀ. ವೇಗಕ್ಕೆ ಬರುವಷ್ಟರಲ್ಲಿ ಕ್ಲಚ್ಚಿನಲ್ಲಿ ಸುಮಾರು 1 ಲಕ್ಷ ಜೂಲ್ ಶಾಖ; ದೊಡ್ಡ ಲೋಟದ ತುಂಬ ನೀರು ಕುದಿಸಲು ಸಾಕು. ಮೇಲಿಂದ ಮೇಲೆ ಹೀಗೆ ಓಡಿಸಿದ ಕಾರು ಬಿಚ್ಚಿದರೆ ಉಕ್ಕಿನ ಪ್ಲೇಟು ನೀಲಿಗಟ್ಟಿರುತ್ತದೆ, ಎಣ್ಣೆಗೆ ಸೀದ ವಾಸನೆ. ಎಣ್ಣೆ ಕಾದರೆ ಎಷ್ಟೋ ಕಾರುಗಳು ಮುಂದಿನ ಲಾಂಚಿಗೆ ಒಪ್ಪುವುದೇ ಇಲ್ಲ. ಒಳ್ಳೆಯದೇ.

ಇನ್ನು ಆ ಸೆಕೆಂಡುಗಳ ಅಳತೆ. ಅಮೆರಿಕದ ಡ್ರ್ಯಾಗ್ ಟ್ರ್ಯಾಕುಗಳಲ್ಲಿ ಮುಂದಿನ ಚಕ್ರ ಬೆಳಕಿನ ಕಿರಣ ದಾಟಿದ ಮೇಲೆಯೇ ಗಡಿಯಾರ ಶುರು. ಅದೇ ರೂಢಿಯಲ್ಲಿ ಅಲ್ಲಿನ ಕಾರು ಪತ್ರಿಕೆಗಳು ಮೊದಲ 1 ಅಡಿಯನ್ನು ಲೆಕ್ಕದಿಂದ ಬಿಡುತ್ತವೆ. ಹೆಚ್ಚುಕಡಿಮೆ ಕಾಲು ಸೆಕೆಂಡು ಮಾಯ! ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್‌ನ 1.99 ಸೆಕೆಂಡೂ ಆ ಅಡಿ ಬಿಟ್ಟ ಲೆಕ್ಕವೇ. ಅದೂ 60 ಮೈಲಿಗೆ, ಅಂದರೆ ಸುಮಾರು 97 ಕಿ.ಮೀ.ಗೆ. ವಿದ್ಯುತ್ ಕಾರಾದ್ದರಿಂದ ಅದಕ್ಕೆ ಸುಡಲು ಕ್ಲಚ್ಚೇ ಇಲ್ಲ ಬಿಡಿ. ಜಿಪಿಎಸ್ ಪೆಟ್ಟಿಗೆ ಇಟ್ಟು ಅಳೆಯುವವರು ರಸ್ತೆಯ ಇಳಿಜಾರನ್ನೂ ನೋಡಲಿ, ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಲಿ.