ನವೊಮಿಯ ಕಹಿ ದಿನಗಳು: ಕಷ್ಟದಲ್ಲಿ ದೇವರ ಕಡೆ ಮುಖ ಮಾಡುವುದು ಹೇಗೆ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಕಂತು ಎಲ್ಲ ಬರೆದು ಪುಸ್ತಕ ಮುಚ್ಚುವ ಹೊತ್ತಿಗೆ ಮನಸ್ಸಿನ ಮಾತುಗಳು ಹೊರಗೆ ಬರುತ್ತವೆ. ಮಳೆ ಕೈಕೊಟ್ಟಿತು, ಗಂಡನ ಕುಡಿತ ನಿಂತಿಲ್ಲ, ಮಗಳ ಮದುವೆ ಸಾಲ ತೀರಿಲ್ಲ, ಮನೆಯಲ್ಲಿ ಕಾಯಿಲೆ. ಆಗ ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಇಷ್ಟು ವರ್ಷ ಪೂಜೆ ತಪ್ಪಿಸಲಿಲ್ಲ, ಜಪಸರ ಬಿಡಲಿಲ್ಲ. ಆದರೂ ದೇವರು ನನಗೇ ಯಾಕೆ ಹೀಗೆ ಮಾಡಿದರು?"

ಹೀಗೆ ಕೇಳಿದ ಕೂಡಲೇ ಪಕ್ಕದಲ್ಲಿದ್ದವರು "ಹಾಗೆಲ್ಲ ಅನ್ನಬಾರದಮ್ಮ, ಪಾಪ ಬರುತ್ತೆ" ಅಂತ ಬಾಯಿ ಮುಚ್ಚಿಸುತ್ತಾರೆ. ಬಾಯಿ ಮುಚ್ಚುತ್ತೆ, ನೋವು ಮಾತ್ರ ಒಳಗೇ ಉಳಿಯುತ್ತೆ. ಸ್ವಲ್ಪ ದಿನಕ್ಕೆ ಆಕೆ ದೇವಾಲಯಕ್ಕೂ ಬರುವುದಿಲ್ಲ, ಸಂಘಕ್ಕೂ ಬರುವುದಿಲ್ಲ. ಒಬ್ಬಳೇ ಆಗಿಬಿಡುತ್ತಾಳೆ.

ಹಾಗಾದರೆ ಕಷ್ಟಕಾಲದಲ್ಲಿ ದೇವರ ಮೇಲೆ ದೃಷ್ಟಿ ಇಡುವುದು ಅಂದರೇನು? ಅಳಬಾರದು, ಕೇಳಬಾರದು ಅಂತಲೇ? ಪವಿತ್ರಗ್ರಂಥದ ಒಬ್ಬ ವಿಧವೆಯ ಕತೆಯಿಂದ ಇದನ್ನು ತಿಳಿಯೋಣ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಸಹೋದರಿಯರೂ ಇದ್ದಾರೆ. ಇದು ಕ್ರೈಸ್ತ ವಿಶ್ವಾಸದ ಮಾತಾದರೂ, ಅತ್ತೆ ಸೊಸೆಯರ ಈ ಕತೆ ಎಲ್ಲರಿಗೂ ಅರ್ಥವಾಗುವಂಥದ್ದು.

ರೊಟ್ಟಿಯ ಊರಿನಲ್ಲಿ ಬರ

ಪವಿತ್ರಗ್ರಂಥದ ಹಳೆಯ ಒಡಂಬಡಿಕೆಯಲ್ಲಿ ರೂತಳ ಗ್ರಂಥ ಎಂಬ ಚಿಕ್ಕ ಪುಸ್ತಕವಿದೆ. ಇರುವುದು 4 ಅಧ್ಯಾಯ ಮಾತ್ರ. ಸಂಜೆ ಒಮ್ಮೆ ಕೂತರೆ ಓದಿ ಮುಗಿಸಬಹುದು.

ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ. ಅಂಥ ಊರಿಗೇ ಬರ ಬಂತು. ನವೊಮಿ ತನ್ನ ಗಂಡ ಮತ್ತು ಇಬ್ಬರು ಗಂಡುಮಕ್ಕಳ ಜೊತೆ ಊರು ಬಿಟ್ಟು, ಮೃತಸಮುದ್ರದ ಆಚೆ ಇದ್ದ ಮೋವಾಬ್ ನಾಡಿಗೆ ಹೋದಳು. ಕೂಲಿ ಹುಡುಕಿಕೊಂಡು ಗುಳೆ ಹೋಗುವ ಸಂಸಾರಗಳನ್ನು ನೋಡಿದ ನಮಗೆ ಇದು ಹೊಸದಲ್ಲ. ಅಲ್ಲಿ ಗಂಡ ತೀರಿಹೋದ. ಮಕ್ಕಳು ಆ ನಾಡಿನ ಹೆಣ್ಣುಗಳನ್ನೇ ಮದುವೆಯಾದರು. ಸುಮಾರು 10 ವರ್ಷ ಕಳೆಯುವಷ್ಟರಲ್ಲಿ ಇಬ್ಬರು ಮಕ್ಕಳೂ ಸತ್ತರು. ಪರವೂರಿನಲ್ಲಿ ಮೂವರು ವಿಧವೆಯರು ಉಳಿದರು.

ನವೊಮಿ ಊರಿಗೆ ಹೊರಟಳು. ಸೊಸೆಯರಿಗೆ, ನಿಮ್ಮ ತವರಿಗೆ ಹೋಗಿ, ದೇವರು ನಿಮಗೆ ಒಳ್ಳೆಯದು ಮಾಡಲಿ ಅಂತ ಹರಸಿದಳು. ಒರ್ಫಾ ಅಳುತ್ತಾ ಹಿಂದಿರುಗಿದಳು. ರೂತ್ ಮಾತ್ರ ಅತ್ತೆಯ ಕೈ ಬಿಡಲಿಲ್ಲ.

ಕಹಿಯನ್ನು ಬಚ್ಚಿಡಲಿಲ್ಲ

ಬೆತ್ಲೆಹೇಮಿಗೆ ಬಂದಾಗ ಊರಿನ ಹೆಂಗಸರೆಲ್ಲ ಸೇರಿ, ಇವಳು ನವೊಮಿಯೇನು ಅಂತ ಆಶ್ಚರ್ಯಪಟ್ಟರು. ನವೊಮಿ ಎಂದರೆ ಹಿತವಾದವಳು ಎಂದು ಅರ್ಥ. ಅವಳು ಆ ಹೆಸರೇ ಬೇಡ ಅಂದಳು. ನನ್ನನ್ನು ಮಾರಾ, ಅಂದರೆ ಕಹಿಯಾದವಳು ಅಂತ ಕರೆಯಿರಿ, ತುಂಬಿ ಹೋದ ನನ್ನನ್ನು ದೇವರು ಬರಿಗೈಯಲ್ಲಿ ತಂದರು ಅಂತ ಊರ ಮುಂದೆಯೇ ಹೇಳಿಬಿಟ್ಟಳು.

ಇಲ್ಲಿ ಒಂದು ವಿಷಯ ಗಮನಿಸಿ. ಪವಿತ್ರಗ್ರಂಥ ಈ ಮಾತಿಗಾಗಿ ನವೊಮಿಯನ್ನು ಎಲ್ಲಿಯೂ ಬೈಯುವುದಿಲ್ಲ. ಅವಳು ದೂರಿದ್ದು ದೇವರ ಹೆಸರು ಹಿಡಿದೇ. ದೇವರಿಲ್ಲ ಅನ್ನಲಿಲ್ಲ, ದೇವರನ್ನು ಬಿಟ್ಟು ಬೇರೆ ಕಡೆ ತಿರುಗಲಿಲ್ಲ. ಮನಸ್ಸು ಕಹಿಯಾಗಿದ್ದರೂ ಅವಳ ಕಾಲು ನಡೆದದ್ದು ಬೆತ್ಲೆಹೇಮಿನ ಕಡೆಗೇ. ದೇವರು ತನ್ನ ಜನರಿಗೆ ಮತ್ತೆ ಅನ್ನ ಕೊಟ್ಟಿದ್ದಾರೆ ಅಂತ ಕೇಳಿಯೇ ಅವಳು ಹೊರಟಿದ್ದು.

ದೇವರ ಕಡೆ ಮುಖ ಮಾಡುವುದು ಅಂದರೆ ಇದೇ. ನಗುಮುಖ ತೋರಿಸಲೇಬೇಕು ಅಂತಿಲ್ಲ, ಅಳುವ ಮುಖವನ್ನಾದರೂ ಸರಿ, ದೇವರ ಕಡೆಗೇ ತಿರುಗಿಸಬೇಕು. ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಬಹಳಷ್ಟು, ಕಷ್ಟದಲ್ಲಿದ್ದವರು ದೇವರಿಗೆ ಇಟ್ಟ ಮೊರೆಗಳು. ಯೇಸುಸ್ವಾಮಿಯೂ ಶಿಲುಬೆಯ ಮೇಲೆ, ಕೈಬಿಟ್ಟದ್ದೇಕೆಂದು ದೇವರನ್ನು ಕೇಳುವ 22ನೆಯ ಕೀರ್ತನೆಯ ಮಾತಿನಿಂದಲೇ ಪ್ರಾರ್ಥಿಸಿದರು. ಸ್ವಾಮಿಯೇ ಕೇಳಿದ ಪ್ರಶ್ನೆಯನ್ನು ನಾವು ಕೇಳಿದರೆ ಪಾಪ ಹೇಗಾದೀತು?

ಪವಾಡ ಬರಲಿಲ್ಲ, ಹಕ್ಕಲು ತೆನೆ ಬಂತು

ಅವರು ಬಂದದ್ದು ಜವೆಗೋದಿ ಕೊಯ್ಲಿನ ಹೊತ್ತು. ಈ ಕತೆಯಲ್ಲಿ ದೇವದೂತ ಬರುವುದಿಲ್ಲ, ಆಕಾಶದಿಂದ ವಾಣಿ ಕೇಳುವುದಿಲ್ಲ. ಮತ್ತೆ ದೇವರ ಸಹಾಯ ಬಂದದ್ದು ಹೇಗೆ?

ಮೊದಲು ಬಂದದ್ದು ಒಂದು ಕಾನೂನಿನ ಮೂಲಕ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಯನ್ನು ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಆಜ್ಞೆಯಿದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧವೆಯರನ್ನೂ ಅನಾಥರನ್ನೂ ಸೇರಿಸುತ್ತದೆ. ಹಕ್ಕಲು ಆಯುವುದು ನಮ್ಮ ಹಳ್ಳಿಗಳಲ್ಲೂ ಗೊತ್ತಿರುವ ಕೆಲಸವೇ. ಅಲ್ಲಿ ಅದು ಭಿಕ್ಷೆಯಲ್ಲ, ಬಡವರ ಹಕ್ಕು.

ಎರಡನೆಯದಾಗಿ ಬಂದದ್ದು ರೂತಳ ದುಡಿಮೆಯ ಮೂಲಕ. ಬೆಳಿಗ್ಗೆಯಿಂದ ಸಂಜೆತನಕ ಆಯ್ದು ಬಡಿದಾಗ ಅವಳಿಗೆ ಸಿಕ್ಕಿದ್ದು ಒಂದು ಏಫಾ ಜವೆಗೋದಿ, ಅಂದರೆ 20 ಲೀಟರಿಗೂ ಹೆಚ್ಚು.

ಮೂರನೆಯದು ಹೊಲದ ಯಜಮಾನ ಬೋವಜನ ಒಳ್ಳೆಯತನ. ಅವನು ನವೊಮಿಯ ಗಂಡನ ಕಡೆಯ ಬಂಧು. ಈ ಹೆಣ್ಣಿನ ತಂಟೆಗೆ ಯಾರೂ ಹೋಗಬಾರದು ಅಂತ ಆಳುಗಳಿಗೆ ಕಟ್ಟಪ್ಪಣೆ ಮಾಡಿದ, ಬೇಕೆಂದೇ ತೆನೆ ಉದುರಿಸಲು ಹೇಳಿದ. ಕೆಲಸದ ಜಾಗದಲ್ಲಿ ಹೆಣ್ಣಿಗೆ ರಕ್ಷಣೆ ಇರಬೇಕು ಎಂಬುದು ಪವಿತ್ರಗ್ರಂಥದಷ್ಟೇ ಹಳೆಯ ಮಾತು.

ಸಂಜೆ ಸೊಸೆಯ ಮಡಿಲಿನ ಕಾಳನ್ನು ನೋಡಿದ ಮೇಲೆ, ಕಹಿ ಅಂದ ಅದೇ ಬಾಯಿ ದೇವರು ಕರುಣೆ ಬಿಟ್ಟಿಲ್ಲ ಅಂತ ಹೇಳಿತು. ಸತ್ತ ಗಂಡ ಮಕ್ಕಳು ಎದ್ದು ಬರಲಿಲ್ಲ, ಬಡತನವೂ ಆ ದಿನವೇ ತೀರಲಿಲ್ಲ. ಆದರೆ ದೇವರ ಕೈ ಎಲ್ಲಿದೆ ಎಂಬುದು ನವೊಮಿಗೆ ಕಾಣಿಸಿತು.

ಮುಂದೆ ಬೋವಜ ಊರ ಬಾಗಿಲಲ್ಲಿ 10 ಹಿರಿಯರ ಮುಂದೆ ಮಾತಾಡಿ ರೂತಳನ್ನು ಮದುವೆಯಾದ. ಮಗು ಹುಟ್ಟಿತು. ಮೊದಲ ದಿನ ಆಶ್ಚರ್ಯಪಟ್ಟ ಅದೇ ಊರಿನ ಹೆಂಗಸರು ಬಂದು, ನಿನ್ನ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಅಂತ ನವೊಮಿಗೆ ಹೇಳಿದರು. ಓಬೇದ ಅಂತ ಹೆಸರಿಟ್ಟವರೂ ಅವರೇ. ಆ ಮಗು ದಾವೀದರಸನ ಅಜ್ಜ. ಮತ್ತಾಯನು ಬರೆದ ಶುಭಸಂದೇಶದಲ್ಲಿ ಯೇಸುಸ್ವಾಮಿಯ ವಂಶಾವಳಿಯನ್ನು ಓದಿದರೆ ರೂತಳ ಹೆಸರು ಸಿಗುತ್ತದೆ.

"ಯಾರ ಪಾಪ?" ಅಂತ ಕೇಳಬೇಡಿ

ಕಷ್ಟ ಬಂದಾಗ ನಮ್ಮನ್ನು ದೇವರಿಂದ ದೂರ ತಳ್ಳುವುದು ಕಷ್ಟಕ್ಕಿಂತ ಹೆಚ್ಚಾಗಿ ಜನರ ಮಾತು. "ಏನೋ ಪಾಪ ಮಾಡಿರಬೇಕು" ಅನ್ನುತ್ತಾರೆ. ಯೋಬನ ಗೆಳೆಯರೂ ಹೀಗೇ ವಾದಿಸಿದರು. ಕೊನೆಯಲ್ಲಿ ದೇವರು ಆ ಗೆಳೆಯರ ಮಾತು ಸರಿಯಲ್ಲ ಅಂತ ತೀರ್ಪು ಕೊಟ್ಟರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪ ಅಂತ ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂತ ಯೇಸುಸ್ವಾಮಿ ಹೇಳಿದ್ದು ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ. ನೊಂದವಳ ಲೆಕ್ಕ ಬರೆಯುವ ಕೆಲಸ ನಮ್ಮದಲ್ಲ.

ನಾವು ಏನು ಮಾಡಬಹುದು?

1. ಇದ್ದದ್ದನ್ನು ಇದ್ದ ಹಾಗೆ ಹೇಳಿ. ದೊಡ್ಡ ಪ್ರಾರ್ಥನೆ ಬಾಯಿಗೆ ಬರದಿದ್ದರೆ, ಒಲೆ ಹಚ್ಚುವಾಗ "ಸ್ವಾಮಿ, ಇವತ್ತು ನನ್ನ ಕೈಲಾಗುತ್ತಿಲ್ಲ, ಜೊತೆಗಿರು" ಅಂದರೆ ಸಾಕು. ಅದೂ ಪ್ರಾರ್ಥನೆಯೇ.

2. ದೇವರ ಜೊತೆ ವ್ಯಾಪಾರ ಬೇಡ. ಬಡ್ಡಿಗೆ ಹಣ ತಂದು ಹರಕೆ ತೀರಿಸಿದರೆ, ಯಾತ್ರೆ ಮಾಡಿದರೆ ಹಳೆಯ ಕಷ್ಟದ ಮೇಲೆ ಹೊಸ ಸಾಲ ಬೀಳುತ್ತದೆ. ದೇವರು ನಮ್ಮಿಂದ ಲಂಚ ಕೇಳುವುದಿಲ್ಲ.

3. ಪೂಜೆಯನ್ನೂ ಸಭೆಯನ್ನೂ ತಪ್ಪಿಸಬೇಡಿ. ಕಂತು ಕಟ್ಟಲು ಹಣವಿಲ್ಲದ ವಾರವೂ ಸಭೆಗೆ ಬನ್ನಿ. ಹಣವಿಲ್ಲ ಅಂತ ಹೇಳುವುದಕ್ಕಾದರೂ ಬನ್ನಿ. ಯಾರಾದರೂ ಬರದಿದ್ದರೆ ಇಬ್ಬರು ಅವರ ಮನೆಗೆ ಹೋಗಿ ಬನ್ನಿ.

4. ಕಾನೂನಿನ ಸಹಾಯ ಪಡೆಯುವುದು ಅವಿಶ್ವಾಸವಲ್ಲ. ರೂತಳ ಹೊಟ್ಟೆ ತುಂಬಿದ್ದೂ ಕಾನೂನಿನಿಂದಲೇ. ಸಾಲ ತೀರಿಸುವುದು ನಮ್ಮ ಕರ್ತವ್ಯ ನಿಜ. ಆದರೆ ಕಿರುಸಾಲ ವಸೂಲಿಯಲ್ಲಿ ಬೆದರಿಕೆ, ಬಲವಂತ, ಕಿರುಕುಳ ನಡೆಯದಂತೆ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಅಂಥದ್ದು ನಡೆದರೆ ಸಂಘದವರು ಜೊತೆಗೆ ಹೋಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

5. ಹೊಡೆತ ತಿನ್ನುವುದೇ ಶಿಲುಬೆ ಹೊರುವುದು ಅಂತ ತಿಳಿಯಬೇಡಿ. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಸಿದರೆ, 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಸಭೆಯಲ್ಲಿ ಮಾತಾಡಲು

• ನವೊಮಿ ಇವತ್ತು ನಮ್ಮ ಸಂಘಕ್ಕೆ ಬಂದು "ನಾನು ಕಹಿಯಾದವಳು" ಅಂದರೆ ನಾವು ಏನು ಹೇಳುತ್ತೇವೆ? ಏನು ಹೇಳಬಾರದು?
• ನಮ್ಮ ಊರಿನಲ್ಲಿ ರೂತಳ ಹಾಗೆ ಜೊತೆ ಬಿಡದೆ ನಿಂತವರು ಯಾರು?
• ಈ ತಿಂಗಳು ನಾವು ಯಾರ ಮನೆಗೆ ಹೋಗಿ ಬರಬೇಕು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ, ಮುಂದಿನ ಸಭೆಯಲ್ಲಿ ಹೋಗಿ ಬಂದವರ ಮಾತನ್ನು ಕೇಳಿ. ನವೊಮಿಯ ಜೊತೆಗಿದ್ದ ದೇವರು ನಿಮ್ಮೆಲ್ಲರ ಮನೆಯಲ್ಲೂ ಇರಲಿ.