ಶೇಕಡಾ 80ಕ್ಕೆ ಬಂದು ನಿಂತ ಸರ್ವರ್

ಮುಂಬಯಿ ಕನ್ನಡಿಗರ ಮನೆಯಲ್ಲಿ ಒಂದು ಕಾಲಕ್ಕೆ ಹುಡುಗನೊಬ್ಬ ನಡುರಾತ್ರಿಯವರೆಗೆ ಎಚ್ಚರವಾಗಿದ್ದಾನೆ ಎಂದರೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಿಂದ ಬಂದು ಓದುತ್ತಿದ್ದಾನೆ ಎಂದರ್ಥ. ಈಗ ಅವನ ಮಕ್ಕಳು, ಮೊಮ್ಮಕ್ಕಳು ಎಚ್ಚರವಾಗಿರುತ್ತಾರೆ. ಅದಕ್ಕೆ 'ಮೇಂಟೆನೆನ್ಸ್ ವಿಂಡೋ' ಎಂಬ ಹೆಸರಿದೆ. ಹಗಲು ಕಂಪನಿಯ ಕೆಲಸ ನಿಲ್ಲುವಂತಿಲ್ಲ. ಆದ್ದರಿಂದ ಸರ್ವರ್ ಬದಲಿಸುವ, ಹೊಸದನ್ನು ಕೂಡಿಸುವ ಕೆಲಸವೆಲ್ಲ ಶನಿವಾರ ರಾತ್ರಿಗೆ. ಸೋಮವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿ ನಡೆದರೆ ಯಾರಿಗೂ ತಿಳಿಯುವುದಿಲ್ಲ, ನಡೆಯದಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಇಂಥ ಕೆಲಸಕ್ಕೆ ಸೇರಿರುವ, ಸೇರಲಿರುವ ನಮ್ಮ ಸಂಘದ ಯುವಮಿತ್ರರಿಗಾಗಿ ಈ ನಾಲ್ಕು ಮಾತು. ನಾನು ಇಂಜಿನಿಯರ್ ಅಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮನೆ ನಡೆಸಿದವಳು. ಆದರೆ ಮಗಳು, ಅಳಿಯ, ತಂಗಿಯ ಮಗ ಮೂವರೂ ಇದೇ ಕಸುಬಿನವರಾದ್ದರಿಂದ ನಮ್ಮ ಮನೆಯ ಊಟದ ಹೊತ್ತಿನ ಮಾತೂ ಅದೇ. ಕೇಳಿದೆ, ಅರ್ಥವಾಗದ್ದನ್ನು ಓದಿ ತಿಳಿದುಕೊಂಡೆ.

ಮೊದಲು ವಿಷಯಕ್ಕೆ ಸ್ವಲ್ಪ ಪೀಠಿಕೆ. ಒಂದೇ ದೊಡ್ಡ ಯಂತ್ರದೊಳಗೆ ಹಲವು ಕಂಪ್ಯೂಟರುಗಳು ತಂತಮ್ಮ ಪಾಡಿಗೆ ಸಂಸಾರ ಹೂಡುವಂತೆ ಮಾಡುವುದೇ ವರ್ಚುವಲೈಸೇಶನ್. ನಮ್ಮ ಚಾಳಿನ ಹಾಗೆ: ಕಟ್ಟಡ ಒಂದು, ಖೋಲಿ ಹಲವು, ಒಂದು ಖೋಲಿಯ ಜಗಳ ಇನ್ನೊಂದಕ್ಕೆ ತಾಗಬಾರದು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಿಗಾಗಿ ವಿಎಂ/370 ಎಂಬುದನ್ನು 1972ರಲ್ಲೇ ಹೊರತಂದಿತ್ತು. ಸಾಮಾನ್ಯ ಕಂಪ್ಯೂಟರಿಗೂ ಇದು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಐವರು ಕೂಡಿ ಕಟ್ಟಿದ ವಿಎಂವೇರ್ ಕಂಪನಿಯಿಂದ. ಆ ಐವರಲ್ಲಿ ಡಯೇನ್ ಗ್ರೀನ್ ಮತ್ತು ಮೆಂಡೆಲ್ ರೋಸೆನ್‌ಬ್ಲಮ್ ಗಂಡಹೆಂಡಿರು. ಯಜಮಾನಿಕೆ ನಡೆಸಿದವಳು ಹೆಂಡತಿ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು! 2023ರ ನವೆಂಬರಿನಲ್ಲಿ ಆ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡುಕೊಂಡಿತು.

ಕಟ್ಟಡ ಒಂದಿದ್ದಾಗ ಬಾಗಿಲಲ್ಲಿ ನಿಂತು ಕೂಗಿದರೆ ಸಾಕು. ಹತ್ತು ಕಟ್ಟಡಗಳಾದಾಗ ಸೊಸೈಟಿಗೆ ಆಫೀಸು ಬೇಕು, ಸೆಕ್ರೆಟರಿ ಬೇಕು. ಆ ಆಫೀಸೇ 'ವಿಸೆಂಟರ್ ಸರ್ವರ್'. 2020ರಲ್ಲಿ ಏಳನೆಯ ಆವೃತ್ತಿ ಬಂದಂದಿನಿಂದ ಅದನ್ನು ವಿಂಡೋಸ್ ಮೇಲೆ ಹಾಕುವಂತಿಲ್ಲ. ಅದೇ ಒಂದು ಸಿದ್ಧ ವರ್ಚುವಲ್ ಯಂತ್ರವಾಗಿ ಬರುತ್ತದೆ. ಅದನ್ನು ಕೂಡಿಸುವುದು ಎರಡು ಹಂತಗಳಲ್ಲಿ. ಮೊದಲ ಹಂತದಲ್ಲಿ ಆ ಯಂತ್ರವನ್ನು 'ಇಎಸ್ಎಕ್ಸ್ಐ ಹೋಸ್ಟ್' ಎಂಬ ದೊಡ್ಡ ಯಂತ್ರದೊಳಕ್ಕೆ ತಂದಿಳಿಸಿ ಚಾಲೂ ಮಾಡುವುದು. ಎರಡನೆಯದರಲ್ಲಿ ಅದಕ್ಕೆ ಗಡಿಯಾರ, ಪಾಸ್‌ವರ್ಡ್ ಕೊಟ್ಟು ಕೆಲಸಕ್ಕೆ ಹಚ್ಚುವುದು.

ತಂಗಿಯ ಮಗ ಕಳೆದ ವರ್ಷ ಒಂದು ಶನಿವಾರ ನಮ್ಮಲ್ಲಿದ್ದ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಪ್ರೊಬೇಷನ್ ಮುಗಿಯಲು ಮೂರು ವಾರ ಬಾಕಿ. ಗಿರಾಕಿಯೊಬ್ಬರ ಆಫೀಸಿಗೆ ಹೊಸ ವಿಸೆಂಟರ್ ಕೂಡಿಸುವ ಕೆಲಸ ಒಬ್ಬನ ತಲೆಗೇ ಕಟ್ಟಿದ್ದರು. ನಮ್ಮ ಮನೆಯಿಂದ ವಿಪಿಎನ್ ಮೂಲಕ ಮಾಡುತ್ತಿದ್ದ. ನೀಲಿ ಗೆರೆ ಶೇಕಡಾ 80ಕ್ಕೆ ಬಂತು, ನಿಂತಿತು. ಗಂಟೆಯಾದರೂ ಜಪ್ಪಯ್ಯ ಎನ್ನಲಿಲ್ಲ. ಅಳಿಸಿ ಮತ್ತೆ ಹಾಕಿದ. ಮತ್ತೆ 80. ಮೂರನೆಯ ಸಲವೂ ಅಷ್ಟೇ. ನಾನು ಚಹಾ ಒಯ್ದಾಗ ಒಂದೂವರೆ ಗಂಟೆ. "ದೊಡ್ಡಮ್ಮ, ನೀವು ಮಲಗಿ. ಇನ್ನೊಮ್ಮೆ ಅಳಿಸಿ ನೋಡುತ್ತೇನೆ" ಎಂದ.

"ಅದು ಏನು ಹೇಳುತ್ತಿದೆ ಎಂದು ಓದಿದೆಯೇನೋ?" ಎಂದೆ.

ಓದಿರಲಿಲ್ಲ. ಯಾರೂ ಓದುವುದಿಲ್ಲ. ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ನಿಮಿಷ ಸೆಕೆಂಡಿನ ಸಮೇತ 'ಲಾಗ್' ಎಂಬ ಕಡತದಲ್ಲಿ ಬರೆಯುತ್ತಾ ಹೋಗುತ್ತದೆ. ಅದೂ ಇಂಗ್ಲಿಷೇ, ವ್ಯಾಕರಣ ಸ್ವಲ್ಪ ಒರಟು. ಇಬ್ಬರೂ ಕೂತು ಓದಿದೆವು. ಸಾವಿರಾರು ಸಾಲುಗಳು, ಕೊನೆಯ ನೂರಾರು ಸಾಲುಗಳಲ್ಲಿ ಒಂದೇ ಗೋಳು, 'ಕಾಯುತ್ತಿದ್ದೇನೆ, ಕಾಯುತ್ತಿದ್ದೇನೆ'. ಅವನ್ನು ಬಿಟ್ಟು ಹಿಂದಕ್ಕೆ ಹೋಗಬೇಕು. ಆ ಗೋಳು ಶುರುವಾದ ಕಡೆ, ಎಲ್ಲಕ್ಕಿಂತ ಮೊದಲಿನ ದೋಷದ ಸಾಲು ಇತ್ತು: ಇಂಥ ಹೆಸರಿನ ಯಂತ್ರದ ವಿಳಾಸ ಸಿಗಲಿಲ್ಲ ಎಂದು.

ವಿಷಯ ಇಷ್ಟೇ. ಹೊಸ ಯಂತ್ರ ಅಲ್ಲಿ ಇಳಿದು ಚಾಲೂ ಆಗಿ ಸುಖವಾಗಿತ್ತು. ಹುಡುಗನ ಲ್ಯಾಪ್‌ಟಾಪ್ ಅದನ್ನು ಹೆಸರು ಹಿಡಿದು ಕೂಗುತ್ತಿತ್ತು. ಆದರೆ ಹೆಸರಿನಿಂದ ವಿಳಾಸ ಹೇಳುವ ಡಿಎನ್ಎಸ್ ನಮ್ಮ ಮನೆಯ ಇಂಟರ್ನೆಟ್ಟಿನದು. ಗಿರಾಕಿಯ ಆಫೀಸಿನೊಳಗಿನ ಹೆಸರು ಅದಕ್ಕೇನು ಗೊತ್ತು? ಹೆಸರಿನ ಬದಲು ಅಂಕೆಯ ವಿಳಾಸ, ಅದರ ಮುಂದೆ 5480 ಎಂಬ ಪೋರ್ಟ್ ಸಂಖ್ಯೆ ಬ್ರೌಸರಿನಲ್ಲಿ ಕೊಟ್ಟಾಗ ಯಂತ್ರದ ಪುಟ ತಟ್ಟನೆ ತೆರೆಯಿತು. ಎರಡನೆಯ ಹಂತವನ್ನು ಅಲ್ಲಿಂದಲೇ ಮುಂದುವರಿಸಬಹುದು. ಅವನು ಆ ರಾತ್ರಿ ಅಳಿಸಿದ ಯಂತ್ರಗಳಲ್ಲೂ ಯಾವ ಕೇಡೂ ಇರಲಿಲ್ಲವೇನೋ.

ನಿಂತ ಜಾಗದಲ್ಲೇ ತಪ್ಪಿರುತ್ತದೆ ಎಂಬ ಭಾವನೆ ಬಿಡಿ ಎಂದು ನಾನು ಹೇಳುವುದು ಇದಕ್ಕೇ. ಕುಕ್ಕರ್ ವಿಷಲ್ ಹಾಕದಿದ್ದರೆ ಉರಿ ಹೆಚ್ಚಿಸುವುದಲ್ಲ, ಗ್ಯಾಸ್ಕೆಟ್ ನೋಡಬೇಕು. ವಿಸೆಂಟರ್‌ನ ಗ್ಯಾಸ್ಕೆಟ್ ಹೆಚ್ಚಾಗಿ ಹೆಸರು. ಅದೂ ಎರಡು ದಿಕ್ಕಿನಲ್ಲಿ: ಹೆಸರು ಕೇಳಿದರೆ ವಿಳಾಸ ಬರಬೇಕು, ವಿಳಾಸ ಕೇಳಿದರೆ ಅದೇ ಹೆಸರು ಬರಬೇಕು. ಸೊಸೈಟಿಯ ಬೋರ್ಡಿನಲ್ಲಿ ಶೆಟ್ಟರು 12ನೇ ನಂಬರ್ ಎಂದಿದ್ದು, 12ರ ಬಾಗಿಲ ಮೇಲೆ ಹಿಂದೆ ಇದ್ದ ಕುಲಕರ್ಣಿಯವರ ಹೆಸರೇ ಉಳಿದಿದ್ದರೆ ಅಂಚೆಯವನು ಕಾಗದ ವಾಪಸು ಒಯ್ಯುವುದಿಲ್ಲವೇ? ನಮ್ಮ ಹುಡುಗನಿಗೆ ಈ ತೊಡಕೂ ಕಾದಿತ್ತು. ಆ ವಿಳಾಸ ಹಿಂದೆ ಯಾವುದೋ ಹಳೆಯ ಸರ್ವರ್‌ನದು, ಹಿಮ್ಮುಖ ದಾಖಲೆಯಲ್ಲಿ ಅದರ ಹೆಸರೇ ಉಳಿದಿತ್ತು. 'ಎನ್ಎಸ್‌ಲುಕಪ್' ಎಂಬ ಆಜ್ಞೆಯನ್ನು ಎರಡೂ ಕಡೆಯಿಂದ ಕೊಟ್ಟು ನೋಡಿದ್ದರಿಂದ ಎರಡನೆಯ ಹಂತಕ್ಕೆ ಕೈಹಾಕುವ ಮೊದಲೇ ಗೊತ್ತಾಯಿತು. ಎರಡು ನಿಮಿಷದ ಕೆಲಸ. ಈ ಡಿಎನ್ಎಸ್ ಏರ್ಪಾಡನ್ನು ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು 1983ರಲ್ಲಿ. ಅಂದಿನಿಂದ ಎಷ್ಟು ಹುಡುಗರ ನಿದ್ದೆ ಕೆಡಿಸಿದೆಯೋ!

ಎರಡನೆಯ ಸಂಶಯ ಗಡಿಯಾರದ ಮೇಲೆ. ಯಂತ್ರಗಳು ಒಂದನ್ನೊಂದು ನಂಬುವುದು ತಾರೀಖು, ವೇಳೆ ಬರೆದ ಪ್ರಮಾಣಪತ್ರ ನೋಡಿ. ಹೋಸ್ಟ್‌ನ ಗಡಿಯಾರ ಹಿಂದೆ, ಹೊಸ ಯಂತ್ರದ್ದು ಮುಂದೆ ಇದ್ದರೆ, ನಾಳಿನ ತಾರೀಖು ಹಾಕಿದ ಚೆಕ್ಕನ್ನು ಬ್ಯಾಂಕಿನವರು ಇಂದು ತೆಗೆದುಕೊಳ್ಳದ ಹಾಗೆ, ಪತ್ರ ತಿರಸ್ಕಾರವಾಗುತ್ತದೆ. ಎರಡಕ್ಕೂ ಒಂದೇ ಎನ್‌ಟಿಪಿ ಸರ್ವರ್ ಕೊಟ್ಟರೆ ಈ ರಗಳೆಯಿಲ್ಲ.

ಇನ್ನು ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮೇಲೆ ಕಲಿಯಹೊರಟವರಿಗೆ: ಎಂಟನೆಯ ಆವೃತ್ತಿಯ ಅತಿ ಚಿಕ್ಕ ಅಳತೆಗೂ 14 ಜಿಬಿ ಮೆಮೊರಿ, 2 ಸಿಪಿಯು ಬೇಕು. 16 ಜಿಬಿ ಯಂತ್ರದಲ್ಲಿ ಅದು ತೆವಳುತ್ತದೆ. ನಿಂತಿದೆಯೋ, ನಿಧಾನವೋ ಎಂದು ತಿಳಿಯಲು ಲಾಗ್ ನೋಡಿ. ಹೊಸ ವಿಷಯದ ಸಾಲುಗಳು ಸೇರುತ್ತಿದ್ದರೆ ಸುಮ್ಮನೆ ಕಾಯಿರಿ.

ಮೊದಲ ಹಂತ ಮುಗಿದೊಡನೆ, ಎರಡನೆಯದಕ್ಕೆ ಮುಂಚೆ, 'ಸ್ನ್ಯಾಪ್‌ಶಾಟ್' ತೆಗೆದಿಡಿ. ಎರಡನೆಯ ಹಂತ ಕೆಟ್ಟರೆ ಮೊದಲಿನಿಂದ ಇಳಿಸುವ ಶ್ರಮವಿಲ್ಲದೆ ಅಲ್ಲಿಗೇ ಮರಳಬಹುದು. ಎಲ್ಲ ಸರಿಹೋದ ಮೇಲೆ ಅದನ್ನು ತೆಗೆದುಹಾಕಿ, ಇಲ್ಲವಾದರೆ ಡಿಸ್ಕ್ ತಿನ್ನುತ್ತಾ ಕೂರುತ್ತದೆ. ಎರಡನೆಯ ಹಂತದ ಲಾಗ್ ಆ ಯಂತ್ರದೊಳಗೇ 'ಫಸ್ಟ್‌ಬೂಟ್' ಎಂಬ ಫೋಲ್ಡರಿನಲ್ಲಿ ಇರುತ್ತದೆ. ಯಾವ ಸೇವೆ ಮೊದಲು ಬಿತ್ತು ಎಂಬುದು ಅಲ್ಲಿ ಸಿಗುತ್ತದೆ.

ನಮ್ಮ ಮಕ್ಕಳಿಗೆ ಇರುವ ಇನ್ನೊಂದು ಸಂಕೋಚ, ಮೇಲಿನವರನ್ನು ರಾತ್ರಿ ಎಬ್ಬಿಸುವುದು ಹೇಗೆಂದು. ಪ್ರೊಬೇಷನ್ನಿನಲ್ಲಿದ್ದರೆ ಕೇಳುವುದೇ ಬೇಡ. ಎಬ್ಬಿಸಬೇಡಿ, ಆದರೆ ಬರೆದು ಕಳಿಸಿ: ಎಷ್ಟು ಗಂಟೆಗೆ ನಿಂತಿತು, ಮೊದಲ ದೋಷದ ಸಾಲು ಯಾವುದು, ಹೆಸರು ಗಡಿಯಾರ ಎರಡನ್ನೂ ನೋಡಿದಾಗ ಏನು ಬಂತು, ಏನನ್ನು ಅಳಿಸಿಲ್ಲ. ಹುಡುಗ ಎರಡೂವರೆಗೆ ಹೀಗೆ ಐದು ಸಾಲು ಬರೆದ. ಹಿಮ್ಮುಖ ದಾಖಲೆ ತಿದ್ದುವ ಅಧಿಕಾರ ಅವನಿಗಿರಲಿಲ್ಲ, ಅದು ಗಿರಾಕಿಯ ಕಡೆಯವರದ್ದು. ಭಾನುವಾರ ಹತ್ತಕ್ಕೆ ಅವರು ತಿದ್ದಿಕೊಟ್ಟರು. ಬರೆದು ಕಳಿಸುವಾಗ ಲಾಗ್ ಕಡತವನ್ನೂ ಜೊತೆಗೆ ಲಗತ್ತಿಸಿ. ಸಹಾಯಕ್ಕೆ ಬರುವವರು ಮೊದಲು ಕೇಳುವುದು ಅದನ್ನೇ.