ಡಿಕಾಕ್ಷನ್ ಇಳಿಯುವ ಹೊತ್ತು

ಕಾಫಿಗೆ ಬೇಕಾದದ್ದು ಪುಡಿ, ಬಿಸಿನೀರು, ಸ್ವಲ್ಪ ಹೊತ್ತು. ಆ ಹೊತ್ತು ಎಷ್ಟು ಎಂಬುದರ ಮೇಲೆಯೇ ರುಚಿ ನಿಂತಿದೆ ಮಕ್ಕಳೇ.

ನಮ್ಮ ಅಮ್ಮನದು ಬಟ್ಟೆಯಲ್ಲಿ ಸೋಸುವ ಕಾಫಿ. ನೀರು ಕುದಿಸಿ ಕೆಳಗಿಳಿಸಿ, ಪುಡಿ ಹಾಕಿ ತಟ್ಟೆ ಮುಚ್ಚುವುದು. ಐದು ನಿಮಿಷದಲ್ಲಿ ಗಷ್ಟು ತಳ ಸೇರುತ್ತದೆ; ಆಮೇಲೆ ಸೋಸುವುದು. ಆ ಬಟ್ಟೆಗೆ ಸೋಪು ತಾಕಿಸುವಂತಿರಲಿಲ್ಲ, ಬರೀ ಬಿಸಿನೀರಲ್ಲಿ ಜಾಲಿಸಬೇಕು. ಮಲೆನಾಡಿನ ಕಡೆ ಇದಕ್ಕೆ ಬೆಲ್ಲ ಹಾಕುತ್ತಾರೆ.

ಫಿಲ್ಟರ್ ಎಂದರೆ ಮಹಡಿ ಮನೆ ಇದ್ದಂತೆ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ತೂತು. ಪುಡಿ ಹಾಕಿ, ಕೊಡೆಯಂಥ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಬಿಸಿನೀರು ಸುರಿಯಬೇಕು. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯದು. ಒತ್ತದೇ ಬಿಟ್ಟರೆ ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ.

ನಮ್ಮನೆಯಲ್ಲಿ ಇದು ನನ್ನಾಕೆಯ ಕೆಲಸವಾಗಿತ್ತು. ಅವಳು ಹೋಗಿ ಮೂರು ವರ್ಷ. ಅವಳದು ಕೈಯಳತೆ, ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು; ನೋಟ್‌ಬುಕ್ ತೆಗೆದು ದಿನಾಂಕ, ಚಮಚ, ನೀರು, ನಿಮಿಷ ಎಂದು ಗೆರೆ ಎಳೆದೆ. ಕಾಫಿ ಕುಡಿಯದ ಮೊಮ್ಮಗಳೇ ಆಡಿಟರ್. ದಿನವೂ ಮೂಸಿ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಹತ್ತನೆಯ ದಿನ, ಮೂರು ದೊಡ್ಡ ಚಮಚ ಪುಡಿ, ಒಂದು ಲೋಟ ನೀರು, 20 ನಿಮಿಷ. "ತಾತ, ಇದು ಅಜ್ಜಿ ಕಾಫಿ" ಅಂದಳು. ಆ ಪುಟಕ್ಕೆ ನಾನು ಸಹಿ ಹಾಕಿದ್ದೇನೆ.

ಮಗ ತಂದುಕೊಟ್ಟದ್ದು ಮೋಕಾ ಪಾಟ್. ಇಟಲಿಯಲ್ಲಿ 1933ರಲ್ಲಿ ಬಂದದ್ದು. ಇದರಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ! ಒಲೆಯ ಬಿಸಿಗೆ ಕೆಳಗೆ ಹಬೆಯ ಒತ್ತಡ ಹೆಚ್ಚಿ, ನೀರನ್ನು ಪುಡಿಯೊಳಗಿಂದ ಮೇಲಕ್ಕೆ ತಳ್ಳುತ್ತದೆ. ಫ್ರೆಂಚ್ ಪ್ರೆಸ್‌ನಲ್ಲಿ ಪುಡಿ ನಾಲ್ಕು ನಿಮಿಷ ನೆನೆದರೆ ಸಾಕು, ಆದರೆ ತರಿತರಿಯಾಗಿರಬೇಕು. ನಯವಾದ ಪುಡಿ ಜಾಲರಿಯಿಂದ ನುಸುಳಿ ಬಾಯಿಗೆ ಬರುತ್ತದೆ. ಇನ್‌ಸ್ಟಂಟ್ ಬಗ್ಗೆ ಕೇಳಬೇಡಿ. ನನ್ನ ಲೆಕ್ಕದಲ್ಲಿ ಅದು ಕಾಫಿ ಮಾಡುವುದಲ್ಲ, ಕಲಸುವುದು.

ಪುಡಿ ಕೊಳ್ಳುವಾಗ ಪೊಟ್ಟಣದ ಸಣ್ಣ ಅಕ್ಷರ ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂದು ನಿಯಮವಿದೆ. ಚಿಕೋರಿ ಹೆಚ್ಚಾದರೆ ಬಣ್ಣ ಕಪ್ಪು, ಪರಿಮಳ ಕಡಿಮೆ.

ಕುದಿನೀರು ಸುರಿಯುವುದು ದೊಡ್ಡವರ ಕೆಲಸ. ಚಮಚ ಎಣಿಸುವುದು, ಗಡಿಯಾರ ನೋಡುವುದು ನಿಮ್ಮದು. ಇಳಿದ ಡಿಕಾಕ್ಷನ್ ಕುದಿಸಬೇಡಿ, ಹಾಲನ್ನೇ ಚೆನ್ನಾಗಿ ಕಾಯಿಸಿ ಬೆರೆಸಿ. ಅದೇ ಗಷ್ಟಿಗೆ ಮತ್ತೆ ನೀರು ಹಾಕಿದರೆ ಎರಡನೇ ಡಿಕಾಕ್ಷನ್. ನಮ್ಮನೆಯಲ್ಲಿ ಅದು ಮಧ್ಯಾಹ್ನ ಮೂರು ಗಂಟೆಗೆ, ನನಗೊಬ್ಬನಿಗೆ.